ಏಳನೇ ಬಾವಿಯ ಸರಾಸರಿ

ಮಾರ್ಚ್ 27, ಗುರುವಾರ. ಬೆಳಗ್ಗೆ 10.20ಕ್ಕೆ ನೀರು ಪರೀಕ್ಷಾಲಯದ ಪರೀಕ್ಷಕಿ ಠಾಣೆಗೆ ಬಂದರು. ವಯಸ್ಸು ನಲವತ್ತರ ಆಸುಪಾಸು. ಕೈಯಲ್ಲೊಂದು ಬಟ್ಟೆಯ ಚೀಲ. ಚೀಲದೊಳಗೆ ಗಟ್ಟಿ ರಟ್ಟಿನ ಪುಸ್ತಕ ಮತ್ತು ಮಡಿಸಿದ ಒಂದು ನೋಟಿಸು.

ದಫೇದಾರರು ಕುರ್ಚಿ ತೋರಿಸಿದರು.

"ಯಾರ ಮೇಲೆ ದೂರು?"

"ಅದು ಗೊತ್ತಿಲ್ಲ."

"ಏನು ಕಳವಾಯ್ತು?"

"ಏನೂ ಇಲ್ಲ."

"ಹೊಡೆದಾಟ, ಬೈದಾಟ?"

"ಇಲ್ಲ."

ದಫೇದಾರರು ಪೆನ್ನು ಕೆಳಗಿಟ್ಟರು. "ಮತ್ತೆ ನಾನು ಏನಂತ ಬರ್ಕೊಳ್ಳಲಿ ಅಕ್ಕಾ? ಕ್ಷೇಮ ಸಮಾಚಾರನಾ?"

"ಒಂದು ಕೂಸು ಆಸ್ಪತ್ರೆಲಿದೆ. ಅದಕ್ಕೆ ನಾನು ಕಾರಣ ಅಂತಿದ್ದಾರೆ. ನಾನಲ್ಲ."

ಪೆನ್ನು ಮತ್ತೆ ಕೈಗೆ ಬಂತು.

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಕರೆದರು. ಅವರು ಮಾತು ಕಡಿಮೆಯ ಮನುಷ್ಯ. ಕೈಗೆ ಸಿಕ್ಕ ಯಾವ ಎರಡು ಅಂಕಿಗಳನ್ನಾದರೂ ಒಂದರಿಂದ ಇನ್ನೊಂದನ್ನು ಭಾಗಿಸಿ ನೋಡುವ ಅಭ್ಯಾಸ ಅವರಿಗಿತ್ತು. ಅದಕ್ಕಾಗಿ ಸಿಬ್ಬಂದಿ ಅವರ ಬೆನ್ನ ಹಿಂದೆ 'ಭಾಗಾಕಾರ ಸಾಹೇಬರು' ಎನ್ನುತ್ತಿದ್ದರು. ಇದು ಅವರಿಗೆ ತಿಳಿದಿತ್ತು, ಆಕ್ಷೇಪವಿರಲಿಲ್ಲ.

ಪರೀಕ್ಷಕಿ ಹೇಳಿದ್ದನ್ನು ಇಲ್ಲಿ ಸಂಕ್ಷೇಪವಾಗಿ ಕೊಡಲಾಗಿದೆ.

ಪಟ್ಟಣಕ್ಕೆ ಹನ್ನೆರಡು ಬಾವಿಗಳ ನೀರು. ಪ್ರತಿ ಶುಕ್ರವಾರ ಹನ್ನೆರಡು ಬಾಟಲಿಗಳು ಪರೀಕ್ಷಾಲಯಕ್ಕೆ ಬರುತ್ತವೆ. ಬಾಟಲಿಯ ಮೇಲೆ ಬಾವಿಯ ಹೆಸರಿರುವುದಿಲ್ಲ. ವಾರವಾರವೂ ಬದಲಾಗುವ ಒಂದು ಗುಪ್ತ ಸಂಖ್ಯೆ ಮಾತ್ರ ಇರುತ್ತದೆ. ಯಾವ ಸಂಖ್ಯೆ ಯಾವ ಬಾವಿಯದು ಎಂಬ ಪಟ್ಟಿ ಮುಖ್ಯಸ್ಥೆಯ ಬಳಿ ಮೊಹರಾದ ಲಕೋಟೆಯಲ್ಲಿರುತ್ತದೆ. ಅದರ ಪ್ರತಿ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡಿರುತ್ತದೆ. ಪರೀಕ್ಷಿಸುವವರ ಕೈ ಯಾವ ಬಾವಿಯ ಕಡೆಗೂ ವಾಲಬಾರದೆಂದು ಈ ಕ್ರಮ. ಪ್ರತಿ ಬಾಟಲಿಯಲ್ಲಿ ನೈಟ್ರೇಟ್ ಎಷ್ಟಿದೆಯೆಂದು ಪರೀಕ್ಷಕಿ ಮೂರು ಸಲ ಅಳೆಯುತ್ತಾರೆ, ಪುಸ್ತಕದಲ್ಲಿ ಶಾಯಿಯಿಂದ ಬರೆಯುತ್ತಾರೆ. ಹನ್ನೊಂದು ಗಂಟೆಗೆ ಮುಖ್ಯಸ್ಥೆ ಪುಟಕ್ಕೆ ರುಜು ಹಾಕುತ್ತಾರೆ. ಆಮೇಲೆ ಪರೀಕ್ಷಕಿ ಅದೇ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿ, ಪರದೆಯ ಮೇಲಿರುವ ನೀರಹನಿಯ ಐಕಾನನ್ನು ಎರಡು ಬಾರಿ ಒತ್ತುತ್ತಾರೆ. ವರದಿ ಮುಖ್ಯಸ್ಥೆಯ ಕೋಣೆಯಲ್ಲಿ ಮುದ್ರಣವಾಗುತ್ತದೆ. ತುಂಬಿದ ಅಂಕಿಗಳು ತಾವೇ ಅಳಿಸಿಹೋಗುತ್ತವೆ. ವರದಿಯನ್ನು ಪರೀಕ್ಷಕಿ ನೋಡುವ ಪದ್ಧತಿ ಇಲ್ಲ.

ಲೀಟರಿಗೆ ಐವತ್ತು ಮಿಲಿಗ್ರಾಂ ಮಿತಿ. ಮೀರಿದರೆ ದೊಡ್ಡವರಿಗೆ ಅಷ್ಟೇನೂ ಬಾಧೆಯಿಲ್ಲ. ಆ ನೀರಿನಲ್ಲಿ ಕಲಸಿದ ಹಾಲಿನ ಪುಡಿ ಕುಡಿದ ಹಸುಳೆಯ ಮೈ ನೀಲಿಗಟ್ಟುತ್ತದೆ. ಮಾರ್ಚ್ 22ರಂದು ಏಳನೇ ಬಾವಿಯ ಓಣಿಯಿಂದ ಎರಡು ತಿಂಗಳ ಒಂದು ಹೆಣ್ಣುಕೂಸು ಹೀಗೆ ಆಸ್ಪತ್ರೆ ಸೇರಿತು. 24ರಂದು ಆಸ್ಪತ್ರೆಯ ದಾದಿ ಆ ಬಾವಿಯ ನೀರನ್ನು ತಾನೇ ತಂದುಕೊಟ್ಟಳು. ಅಳತೆ 71 ಬಂತು. ಮೂರು ದಿನ ಹಿಂದಿನ ಅಧಿಕೃತ ವರದಿಯಲ್ಲಿ ಅದೇ ಬಾವಿಗೆ 42 ಎಂದಿತ್ತು.

"ಮೇಡಂ ನನ್ನ ಕೇಳಿದ್ರು, ಬಾವಿ ಮೂರು ದಿನದಲ್ಲಿ ಇಷ್ಟು ಹಾರುತ್ತಾ ಅಂತ. ಹಾರಲ್ಲ ಅಂದೆ. ಹಾಗಾದ್ರೆ ನೀನೇ ತಪ್ಪು ತುಂಬಿದೀಯ ಅಂದ್ರು. ನನ್ನ ಪುಸ್ತಕದಲ್ಲಿ ಆ ದಿನ 42 ಅನ್ನೋ ಅಂಕಿನೇ ಇಲ್ಲ ಸರ್."

"ಕಂಪ್ಯೂಟರ್ ಪರೀಕ್ಷೆ ಮಾಡಿಸಿದ್ರಾ?"

"25ನೇ ತಾರೀಕು ಟೈಪಿಸ್ಟ್ ಎಲ್ಲರೆದುರು ಮಾಡಿ ತೋರಿಸಿದ್ರು. 70 ಕೊಟ್ರೆ 70 ಬಂತು. ಯಂತ್ರ ಸರಿಯಿದೆ, ಹಾಗಾಗಿ ನಾನು ಸರಿಯಿಲ್ಲ. ಪುಸ್ತಕ ಆಮೇಲೆ ಬರ್ಕೊಂಡಿದ್ದು ಅಂತಾನೂ ಅಂದ್ರು. ಏಪ್ರಿಲ್ ಒಂದರಿಂದ ಕೆಲಸಕ್ಕೆ ಬರಬೇಡ ಅಂತ ನೋಟಿಸು."

"ಟೈಪಿಸ್ಟ್ ಯಾರು?"

"ಕಂಪ್ಯೂಟರ್ ನೋಡ್ಕೊಳ್ಳೋರು. ಜನ್ಮದಲ್ಲಿ ಮೌಸ್ ಮುಟ್ಟಲ್ಲ, ಎಲ್ಲಾ ಟೈಪ್ ಮಾಡೇ ಮಾಡಿಸ್ತಾರೆ. ಅದಕ್ಕೆ ಆ ಹೆಸರು."

"ನೀವು?"

"ನಂಗೆ ಐಕಾನ್ ಒತ್ತೋದು ಬಿಟ್ಟು ಬೇರೇನೂ ಬರಲ್ಲ."

11.40ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಅಪರಾಧ: ಸುಳ್ಳು ದಾಖಲೆ ಸೃಷ್ಟಿ, ಸಾರ್ವಜನಿಕರ ಆರೋಗ್ಯಕ್ಕೆ ಅಪಾಯ.

ಇನ್ಸ್‌ಪೆಕ್ಟರ್ ಪುಸ್ತಕದ ಪುಟಗಳನ್ನು ತಿರುವಿದರು. ಪುಟಗಳಿಗೆ ಅಚ್ಚಿನ ಸಂಖ್ಯೆಯಿತ್ತು, ಒಂದೂ ಹರಿದಿರಲಿಲ್ಲ. ಪ್ರತಿ ಶುಕ್ರವಾರದ ಅಡಿಯಲ್ಲಿ ರುಜು, ಪಕ್ಕದಲ್ಲಿ ವೇಳೆ.

ಮಧ್ಯಾಹ್ನ 2.00ಕ್ಕೆ ಅವರು ದಫೇದಾರರೊಂದಿಗೆ ಪರೀಕ್ಷಾಲಯಕ್ಕೆ ಹೋದರು. ಮುಖ್ಯಸ್ಥೆ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಹೆಂಗಸು.

"ಈ ರುಜು ನಿಮ್ಮದೇ?"

"ನನ್ನದೇ."

"ಹಾಕೋದು ಯಾವಾಗ?"

"ಹನ್ನೊಂದಕ್ಕೆ. ಐಕಾನ್ ಒತ್ತೋಕೆ ಮುಂಚೆ."

"ಓದಿ ಹಾಕ್ತೀರಾ?"

ಮುಖ್ಯಸ್ಥೆ ಕನ್ನಡಕ ತೆಗೆದು ಒರೆಸಿದರು. "ಹನ್ನೆರಡು ಬಾಟಲಿ, ಮೂವತ್ತಾರು ಅಂಕಿ. ಓದ್ತಾ ಕೂತ್ರೆ..."

"ಓದಿಲ್ಲ. ಸರಿ. ಆದರೆ ರುಜು ಹಾಕಿದಾಗ ಪುಟ ಖಾಲಿ ಇರಲಿಲ್ಲವಲ್ಲ?"

"ಇರಲಿಲ್ಲ. ಖಾಲಿ ಪುಟಕ್ಕೆ ನಾನು ರುಜು ಹಾಕಲ್ಲ."

"ಹಾಗಾದ್ರೆ ಪುಸ್ತಕ ಮೊದಲು, ವರದಿ ಆಮೇಲೆ. ಪುಸ್ತಕ ಆಮೇಲೆ ಬರೆದದ್ದು ಅನ್ನೋ ನಿಮ್ಮ ಮಾತಿಗೆ ನಿಮ್ಮ ರುಜುನೇ ಎದುರು ಸಾಕ್ಷಿ."

ಮುಖ್ಯಸ್ಥೆ ಕನ್ನಡಕವನ್ನು ಮತ್ತೆ ಹಾಕಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಇನ್ಸ್‌ಪೆಕ್ಟರ್ ಹಿಂದಿನ ಹದಿನೈದು ವಾರಗಳ ವರದಿಗಳನ್ನೂ ಗುಪ್ತ ಸಂಖ್ಯೆಯ ಪಟ್ಟಿಗಳನ್ನೂ ಕೇಳಿ ಪಡೆದರು. ಅಲ್ಲಿಯೇ ಮೇಜಿನ ಮೂಲೆಯಲ್ಲಿ ಕುಳಿತು ಏಳನೇ ಬಾವಿಯ ಅಂಕಿಗಳನ್ನಷ್ಟೇ ಬಿಡಿಸಿ ಬರೆದುಕೊಂಡರು. ವರದಿಯಲ್ಲಿ ಅವು ಹೀಗಿದ್ದವು: 41, 44, 47, 49. ಐದನೆಯ ವಾರ, ಜನವರಿ 10ರಂದು, 31.2. ನಾಲ್ಕು ವಾರ ಏಣಿ ಹತ್ತಿದ ನೀರು ಐದನೆಯ ವಾರ ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದಿತ್ತು. ಇದನ್ನು ಯಾರೂ ಪ್ರಶ್ನಿಸಿರಲಿಲ್ಲ. ಏರಿಕೆಯನ್ನು ಎಲ್ಲರೂ ಪ್ರಶ್ನಿಸುತ್ತಾರೆ. ಇಳಿತಕ್ಕೆ ಕಾರಣ ಕೇಳುವವರು ವಿರಳ.

ಪರೀಕ್ಷಕಿಯ ಪುಸ್ತಕದಲ್ಲಿ ಜನವರಿ 10ರ ಅದೇ ಬಾಟಲಿಯ ಮೂರು ಅಳತೆಗಳ ಸರಾಸರಿ 52 ಇತ್ತು. ಇನ್ಸ್‌ಪೆಕ್ಟರ್ 31.2ನ್ನು 52ರಿಂದ ಭಾಗಿಸಿದರು. ಮುಂದಿನ ವಾರದ 33ನ್ನು 55ರಿಂದ ಭಾಗಿಸಿದರು. ಹೀಗೆ ಮಾರ್ಚ್ 21ರವರೆಗೆ ಹನ್ನೊಂದು ಭಾಗಾಕಾರ. ಹನ್ನೊಂದರಲ್ಲೂ ಭಾಗಲಬ್ಧ 0.6. ಉಳಿದ ಹನ್ನೊಂದು ಬಾವಿಗಳಲ್ಲಿ ಭಾಗಲಬ್ಧ ಸರಿಯಾಗಿ ಒಂದು.

"ದಫೇದಾರ್."

"ಸರ್."

"ಮನುಷ್ಯ ಕೈತಪ್ಪಿ ತಪ್ಪು ಬರೆದ್ರೆ ಒಂದೊಂದು ಸಲ ಒಂದೊಂದು ಥರ ಬರೀತಾನೆ. ಹನ್ನೊಂದು ಸಲ ಒಂದೇ ಥರ ತಪ್ಪಲ್ಲ."

"ಹಾಗಾದ್ರೆ ಈಯಮ್ಮ ಬೇಕಂತಲೇ ಮಾಡಿರಬಹುದಲ್ಲ ಸರ್?"

"ಹೇಗೆ? ಆಕೆಗೆ ಏಳನೇ ಬಾವಿಯ ಬಾಟಲಿ ಯಾವುದು ಅಂತಲೇ ಗೊತ್ತಿರಲ್ಲ. ಹನ್ನೆರಡರಲ್ಲಿ ಒಂದನ್ನ ಹನ್ನೊಂದು ವಾರ ಕಣ್ಣು ಮುಚ್ಚಿ ಸರಿಯಾಗಿ ಆರಿಸಬೇಕು. ಆ ಸಂಭವ ಎಷ್ಟು, ನೀವೇ ಗುಣಿಸಿ."

"ಬೇಡ ಸರ್, ನಂಬಿದೆ," ಎಂದರು ದಫೇದಾರರು.

4.30ಕ್ಕೆ ಕಂಪ್ಯೂಟರನ್ನು ವಶಪಡಿಸಿಕೊಂಡು ಕೋಣೆಗೆ ಮೊಹರು ಹಾಕಲಾಯಿತು. ಬಾಗಿಲಲ್ಲಿ ತೆಳ್ಳಗಿನ ಒಬ್ಬ ಮನುಷ್ಯ ನಿಂತು ನೋಡುತ್ತಿದ್ದ. ಅಂಗಿಯ ತೋಳುಗಳನ್ನು ಅಚ್ಚುಕಟ್ಟಾಗಿ ಮಡಿಸಿದ್ದ.

"ನೀವು ಟೈಪಿಸ್ಟಾ?"

"ಹಾಗಂತ ಕರೀತಾರೆ."

"25ರಂದು ಪರೀಕ್ಷೆ ಮಾಡಿ ತೋರಿಸಿದೋರು?"

"ಹೌದು. ನಾನೇನೂ ಮುಚ್ಚಿಟ್ಟು ಮಾಡಿಲ್ಲ, ಎಲ್ಲರೆದುರೇ ಮಾಡಿದ್ದು."

ಮುಚ್ಚಿಟ್ಟಿದ್ದೀರಿ ಎಂದು ಯಾರೂ ಅಂದಿರಲಿಲ್ಲ. ಹೊರಗೆ ಬಂದ ಮೇಲೆ ದಫೇದಾರರು ಮೆಲ್ಲಗೆ ಹೇಳಿದರು: "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋದು ಕೇಳಿದ್ದೆ ಸರ್. ಇಲ್ಲಿ ಕುಂಬಳಕಾಯಿ ಅನ್ನೋಕೆ ಮುಂಚೆನೇ ಮುಟ್ಕೊಂಡ."

ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಹೆಗಲು ಮುಟ್ಟಿಕೊಂಡದ್ದನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ.

ಮಾರ್ಚ್ 28, ಶುಕ್ರವಾರ, ಬೆಳಗ್ಗೆ 10.00. ಮೊಹರು ಒಡೆಯಲಾಯಿತು. ಪಂಚರಾಗಿ ಎದುರು ಸಾಲಿನ ದರ್ಜಿ ಮತ್ತು ಔಷಧಿ ಅಂಗಡಿಯವರು. ಕಂಪ್ಯೂಟರ್ ವಿಭಾಗದ ಮಹಿಳಾ ಕಾನ್‌ಸ್ಟೆಬಲ್ ಮೊದಲು ಕಂಪ್ಯೂಟರಿನಲ್ಲಿದ್ದುದೆಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಂಡು ಕುಳಿತರು.

"ಈ ಐಕಾನ್ ಏನು?" ಇನ್ಸ್‌ಪೆಕ್ಟರ್ ಕೇಳಿದರು.

"ಸ್ಕ್ರಿಪ್ಟ್ ಅಪ್ಲಿಕೇಶನ್ ಸರ್. ಸ್ವಂತ ಕೆಲಸ ಏನೂ ಮಾಡಲ್ಲ. ಮೇಸ್ತ್ರಿ ಇದ್ದ ಹಾಗೆ. ಮೂರು ಕಮಾಂಡ್ ಪ್ರೋಗ್ರಾಮುಗಳನ್ನ ಒಂದಾದ ಮೇಲೊಂದು ಹೆಸರು ಹಿಡಿದು ಕರೆಯುತ್ತೆ. ಒಂದು ಅಂಕಿ ಓದುತ್ತೆ, ಇನ್ನೊಂದು ಸರಾಸರಿ ತೆಗೆಯುತ್ತೆ, ಮೂರನೆಯದು ಬಾವಿ ಹೆಸರು ಸೇರಿಸಿ ಮುದ್ರಣಕ್ಕೆ ಕಳಿಸುತ್ತೆ."

"ಟೈಪ್ ಮಾಡಿ ಮಾಡಿದ್ರೂ ಅದೇ ಮೂರು?"

"ಅದೇ ಮೂರು ಹೆಸರು ಸರ್."

"ಮಾರ್ಚ್ 21ರ ಅಂಕಿಗಳನ್ನ ಪುಸ್ತಕ ನೋಡಿ ತುಂಬಿ. ಮೊದಲು ಟೈಪ್ ಮಾಡಿ."

ಕಾನ್‌ಸ್ಟೆಬಲ್ ಟೈಪ್ ಮಾಡಿದರು. ಏಳನೇ ಬಾವಿ: 70. ದರ್ಜಿ ತಲೆಯಾಡಿಸಿದ. ಟೈಪಿಸ್ಟ್ 25ರಂದು ತೋರಿಸಿದ್ದೂ ಇದನ್ನೇ.

"ಈಗ ಅವೇ ಅಂಕಿ ಮತ್ತೆ ತುಂಬಿ. ಮೌಸ್ ಹಿಡಿದು ಐಕಾನ್ ಒತ್ತಿ."

ಒತ್ತಿದರು. ಮುದ್ರಣಯಂತ್ರ ಒಂದು ಹಾಳೆಯನ್ನು ಹೊರಹಾಕಿತು. ಏಳನೇ ಬಾವಿ: 42.

ಔಷಧಿ ಅಂಗಡಿಯವರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ದರ್ಜಿ, "ಒಂದೇ ಅಳತೆ ಕೊಟ್ರೆ ಎರಡು ಸೈಜಿನ ಅಂಗಿ ಹೊಲಿದುಕೊಡ್ತಲ್ಲ ಸ್ವಾಮಿ! ನಾನು ಹೀಗೆ ಮಾಡಿದ್ರೆ ಗಿರಾಕಿ ಬಿಡ್ತಾನಾ?" ಎಂದ. ಔಷಧಿ ಅಂಗಡಿಯವರು ಅವನ ಮೊಣಕೈ ತಿವಿದರು.

ಕಾನ್‌ಸ್ಟೆಬಲ್ ಹದಿನೈದು ನಿಮಿಷ ಹುಡುಕಿ ಕಾರಣ ಹೇಳಿದರು. ಆಕೆಯ ಮಾತಿನ ಸಾರ ಇಷ್ಟು. 'ಸರಾಸರಿ' ಎಂಬ ಹೆಸರಿನ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ಎರಡು ಕಡೆ ಇತ್ತು: ಒಂದು ಬಳಕೆದಾರರ ಸ್ವಂತ ಫೋಲ್ಡರಿನಲ್ಲಿ, ಒಂದು ಎಲ್ಲರಿಗೂ ಸೇರಿದ ಸಾಮಾನ್ಯ ಫೋಲ್ಡರಿನಲ್ಲಿ. ಟೈಪ್ ಮಾಡಿ ಕರೆದರೆ ಯಂತ್ರ ಮೊದಲು ಸ್ವಂತ ಫೋಲ್ಡರನ್ನು ನೋಡುತ್ತದೆ. ಸ್ಕ್ರಿಪ್ಟ್ ಅಪ್ಲಿಕೇಶನ್ ಕರೆದರೆ ಆ ಸ್ವಂತ ಏರ್ಪಾಡನ್ನು ಓದುವುದೇ ಇಲ್ಲ. ನೇರವಾಗಿ ಸಾಮಾನ್ಯ ಫೋಲ್ಡರಿಗೆ ಹೋಗುತ್ತದೆ. ಸ್ವಂತ ಫೋಲ್ಡರಿನಲ್ಲಿ ಇದ್ದದ್ದು ಅಸಲಿ. ಸಾಮಾನ್ಯ ಫೋಲ್ಡರಿನಲ್ಲಿ ಇದ್ದದ್ದು ಬೀಗ ತೆರೆದು ಪಟ್ಟಿಯನ್ನು ಓದಿ, ಬಾಟಲಿ ಏಳನೇ ಬಾವಿಯದಾದರೆ ಮಾತ್ರ ಸರಾಸರಿಯನ್ನು 0.6ರಿಂದ ಗುಣಿಸುತ್ತಿತ್ತು.

"ಅಂದರೆ ಮುಂಬಾಗಿಲಲ್ಲಿ ಕರೆದ್ರೆ ಒಬ್ಬ ಬರ್ತಾನೆ, ಹಿತ್ತಲಲ್ಲಿ ಅದೇ ಹೆಸರು ಕರೆದ್ರೆ ಇನ್ನೊಬ್ಬ."

"ಹೌದು ಸರ್. ಈ ಆಫೀಸಲ್ಲಿ ಒತ್ತೋರು ಟೈಪ್ ಮಾಡಲ್ಲ, ಟೈಪ್ ಮಾಡೋರು ಒತ್ತಲ್ಲ. ಅಸಲಿ, ನಕಲಿ ಎರಡೂ ಒಬ್ಬರ ಕಣ್ಣಿಗೇ ಬೀಳೋ ಹಾಗೆ ಇರಲಿಲ್ಲ."

"ನಕಲಿ ಹುಟ್ಟಿದ್ದು ಯಾವಾಗ?"

"ಜನವರಿ 9, ಗುರುವಾರ, ಮಧ್ಯಾಹ್ನ 1.12."

ಅಂಕಿ ಏಣಿಯಿಂದ ಇಳಿದ ಶುಕ್ರವಾರದ ಹಿಂದಿನ ದಿನ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ, ವೇಳೆಯನ್ನು ಬರೆಸಿ, ಪಂಚನಾಮೆಗೆ ಪಂಚರ ಸಹಿ ಪಡೆದರು. 11.50.

ಸಾಮಾನ್ಯ ಫೋಲ್ಡರಿನಲ್ಲಿ ಏನನ್ನಾದರೂ ಇಡಬೇಕಾದರೆ ನಿರ್ವಾಹಕರ ಪಾಸ್‌ವರ್ಡ್ ಬೇಕು. ಅದನ್ನು ಬಲ್ಲವರು ಇಬ್ಬರು: ಮುಖ್ಯಸ್ಥೆ, ಟೈಪಿಸ್ಟ್. ಇಲಾಖೆಯ ವಾಹನದ ದಿನಚರಿ ತರಿಸಲಾಯಿತು. ಜನವರಿ 9ರಂದು ಮುಖ್ಯಸ್ಥೆ 11.00ಕ್ಕೆ ಜಲಾಶಯಕ್ಕೆ ಹೊರಟು 4.10ಕ್ಕೆ ಮರಳಿದ್ದರು. ಎಪ್ಪತ್ತಾರು ಕಿಲೋಮೀಟರು. ಇನ್ಸ್‌ಪೆಕ್ಟರ್ ದಾರಿಯ ದೂರವನ್ನು ವಿಚಾರಿಸಿದರು: ಮೂವತ್ತೆಂಟು. ಎರಡರಿಂದ ಗುಣಿಸಿದರು. ಸರಿಹೋಯಿತು.

ಉಳಿದದ್ದು ಒಬ್ಬ. ಉಳಿದ ಪ್ರಶ್ನೆಯೂ ಒಂದೇ: ಯಾಕೆ? ಬ್ಯಾಂಕಿನ ವಿವರಗಳಲ್ಲಿ ಏನೂ ಇರಲಿಲ್ಲ. ಸಿಬ್ಬಂದಿಯ ವಿಳಾಸಗಳ ಹಾಳೆಯಲ್ಲಿ ಇತ್ತು. ಟೈಪಿಸ್ಟನ ಮನೆ ಏಳನೇ ಬಾವಿಯ ಓಣಿಯಲ್ಲಿ.

ಸಂಜೆ 5.30ಕ್ಕೆ ಇಬ್ಬರೂ ಓಣಿಗೆ ಹೋದರು. ಎರಡು ಸಾಲು ಹಳೆಯ ಇಟ್ಟಿಗೆ ಮನೆಗಳು, ನಡುವೆ ಕಲ್ಲು ಹಾಸು, ತುದಿಯಲ್ಲಿ ಪಂಪು ಕೂರಿಸಿದ ಬಾವಿ ಮತ್ತು ಒಂದು ನಲ್ಲಿ. ಒಂಬತ್ತನೆಯ ಮನೆಯ ಹೊಸ್ತಿಲಲ್ಲಿ ಒಬ್ಬ ಮುದುಕಿ ಕುಳಿತು ಬಟ್ಟೆ ಮಡಿಸುತ್ತಿದ್ದರು. ಕಣ್ಣು ಕಾಣದೆಂಬುದು ಅವರು ತಲೆ ಎತ್ತಿದ ರೀತಿಯಿಂದ ತಿಳಿಯಿತು.

"ಯಾರಪ್ಪಾ? ಇಬ್ಬರು ಬಂದಿದ್ದೀರಿ. ಒಬ್ಬನಿಗೆ ಎಡ ಮಂಡಿ ನೋವು."

ದಫೇದಾರರು ಮಂಡಿಯನ್ನು ಮುಟ್ಟಿ ನೋಡಿಕೊಂಡರು. "ನಾಲ್ಕು ವರ್ಷದಿಂದ ಅಮ್ಮಾ. ನಿಮಗೆ ಹೇಗೆ..."

"ಕಾಲು ಎಳೀತೀಯ. ಎಣ್ಣೆ ಹಚ್ಚು, ಸುಮ್ಮನೆ ಕೂರಬೇಡ. ನನ್ನ ಮಗ ಇನ್ನೂ ಬಂದಿಲ್ಲ."

"ನೀರು ಯಾರು ತಂದುಕೊಡ್ತಾರೆ ಅಮ್ಮಾ?" ಇನ್ಸ್‌ಪೆಕ್ಟರ್ ಕೇಳಿದರು.

"ತಂದುಕೊಡೋದ್ಯಾಕೆ? ಕೈಕಾಲು ಗಟ್ಟಿ ಇದೆ. ಬಾಗಿಲಿಂದ ನಲ್ಲಿಗೆ ನಲವತ್ತೆರಡು ಹೆಜ್ಜೆ. ನಲ್ಲಿಯಿಂದ ಅಂಗಡಿಗೆ ನೂರ ಹದಿನೇಳು. ಇಪ್ಪತ್ತು ವರ್ಷದಿಂದ ಒಂದು ಹೆಜ್ಜೆ ಹೆಚ್ಚು ಕಡಿಮೆ ಆಗಿಲ್ಲ. ಈ ಓಣಿ ಬಿಟ್ಟರೆ ನಾನು ನಿಜವಾಗಿ ಕುರುಡಿ."

"ಓಣಿ ಬಿಡೋ ಮಾತು ಬಂದಿತ್ತಾ?"

"ನಾಲ್ಕನೇ ಬಾವಿಯೋರನ್ನ ಎಬ್ಬಿಸಿದ್ರಲ್ಲ, ಆರು ವಾರದಲ್ಲಿ. ನನ್ನ ಅಕ್ಕನೂ ಅಲ್ಲಿದ್ದಳು. ಮೂರನೇ ಮಹಡಿಲಿ ಮನೆ ಕೊಟ್ರು. ಆಮೇಲೆ ಅವಳು ಕೋಣೆಯಿಂದ ಹೊರಗೆ ಬರಲೇ ಇಲ್ಲ. ತೀರಿಹೋಗಿ ಮೂರು ವರ್ಷ ಆಯ್ತು." ಮುದುಕಿ ಒಂದು ಅಂಗಿಯ ತೋಳನ್ನು ಬೆರಳಿನಿಂದ ಅಳೆದು ಮಡಿಸಿದರು. "ನನ್ನ ಮಗ ಹೇಳಿದಾನೆ, ಅವನಿರೋ ತನಕ ನಮ್ಮನ್ನ ಯಾರೂ ಎಬ್ಬಿಸಲ್ಲ ಅಂತ."

ಇಬ್ಬರೂ ಹೊರಟರು. ದಫೇದಾರರು ನಲ್ಲಿಯವರೆಗೂ ಹೆಜ್ಜೆ ಎಣಿಸುತ್ತ ನಡೆದರು.

ಮಾರ್ಚ್ 29, ಶನಿವಾರ, ಬೆಳಗ್ಗೆ 10.05. ಟೈಪಿಸ್ಟ್ ಠಾಣೆಯಲ್ಲಿ ಇನ್ಸ್‌ಪೆಕ್ಟರರ ಎದುರು ಕುಳಿತಿದ್ದ. ಮೇಜಿನ ಮೇಲೆ ಎರಡು ಹಾಳೆಗಳು.

"25ರಂದು ಯಾಕೆ ಟೈಪ್ ಮಾಡಿ ತೋರಿಸಿದ್ರಿ?"

"ನಾನು ಯಾವಾಗಲೂ ಟೈಪೇ ಮಾಡೋದು."

"ಆದರೆ ವರದಿ ಬರೋದು ಐಕಾನ್ ಒತ್ತಿ. ಪರೀಕ್ಷೆ ಯಾವುದನ್ನ ಮಾಡಬೇಕಿತ್ತು?"

ಇನ್ಸ್‌ಪೆಕ್ಟರ್ ಹಾಳೆಗಳನ್ನು ಅವನ ಕಡೆಗೆ ತಳ್ಳಿದರು.

"ಇದು ಟೈಪ್ ಮಾಡಿದ್ದು. 70. ಇದು ಒತ್ತಿದ್ದು. 42."

ಟೈಪಿಸ್ಟ್ ಹಾಳೆಗಳನ್ನು ಮುಟ್ಟಲಿಲ್ಲ. "ಯಾರು ಒತ್ತಿದ್ರು?"

"ನಾನು ಒತ್ತಿಸಿದೆ."

"ಮೂರು ತಿಂಗಳಲ್ಲಿ ಯಾರಿಗೂ ಹೊಳೀಲಿಲ್ಲ." ಅವನ ಧ್ವನಿಯಲ್ಲಿ ಹೆಮ್ಮೆ ಇರಲಿಲ್ಲ, ದಣಿವಿತ್ತು.

"0.6 ಯಾಕೆ?"

"ನಿಜವಾದ ಅಂಕಿ 83 ದಾಟೋವರೆಗೂ ವರದಿ 50ರ ಒಳಗೇ ಇರುತ್ತೆ. 83 ಆಗಲ್ಲ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಭಾಗಿಸಿದರು. ಲೆಕ್ಕ ಸರಿಯಿತ್ತು.

"ಜನ ಕುಡಿಯೋ ನೀರು."

"ನಾನೂ ಕುಡಿದೆ ಸರ್. ಅಮ್ಮನೂ ಕುಡಿದ್ರು. ದೊಡ್ಡವರಿಗೆ ಏನೂ ಆಗಲ್ಲ. ಹಸುಳೆಗಳಿಗೆ ಮಾತ್ರ. ನಾನು ಮೊದಲೇ ಮನೆ ಮನೆ ಎಣಿಸಿದ್ದೆ. ಮೂವತ್ತೊಂದು ಮನೆ, ವರ್ಷದೊಳಗಿನ ಕೂಸು ಒಂದೂ ಇರಲಿಲ್ಲ. ಸೊನ್ನೆ."

"ಜನವರಿಯಲ್ಲಿ ಸೊನ್ನೆ."

"ಇಪ್ಪತ್ತನೇ ಮನೆಯ ಮಗಳು ಈ ತಿಂಗಳು ಕೂಸು ಎತ್ಕೊಂಡು ಬಂದಳಂತೆ. ನಾನು ನೋಡಲಿಲ್ಲ. ಮತ್ತೆ ಎಣಿಸಲಿಲ್ಲ."

"ನೀರು ಪರೀಕ್ಷೆ ಮಾಡೋ ಹೆಣ್ಣುಮಗಳ ಕೆಲಸ ಹೋಗ್ತಿತ್ತು. ಕೂಸಿನ ಪಾಪ ಅವಳ ತಲೆಗೆ. ಅದನ್ನ ಯಾವ ಲೆಕ್ಕಕ್ಕೆ ಹಾಕಿದ್ರಿ?"

ಟೈಪಿಸ್ಟ್ ತನ್ನ ಬೆರಳುಗಳನ್ನು ನೋಡಿಕೊಂಡ. "ಹಾಕಲಿಲ್ಲ ಸರ್. ಹಾಕಿದ್ರೆ ಲೆಕ್ಕ ಕೂಡ್ತಿರಲಿಲ್ಲ."

10.50ಕ್ಕೆ ಬಂಧನ ದಾಖಲಾಯಿತು. ಆತ ವಕೀಲರನ್ನು ಕೇಳುವ ಮೊದಲು ಒಂದು ಮಾತು ಕೇಳಿದ: "ಬಾವಿ ಮುಚ್ಚಿದ್ರಾ?"

"ಈಗ ತಾನೇ ಮೊಹರು ಹಾಕಿದ್ದಾರೆ."

"ನಾಲ್ಕನೇ ಬಾವಿಯೋರ ಹಾಗೆ ನಮ್ಮ ಓಣಿಯೋರನ್ನ ಎಬ್ಬಿಸೋದು ಯಾವಾಗ?"

ಈ ಪ್ರಶ್ನೆಗೆ ಉತ್ತರ ಇನ್ಸ್‌ಪೆಕ್ಟರರ ಬಳಿಯೂ ಇರಲಿಲ್ಲ. ಹನ್ನೆರಡು ಗಂಟೆಗೆ ಮುಖ್ಯಸ್ಥೆ ಹೇಳಿಕೆ ಕೊಡಲು ಬಂದಾಗ ಕೇಳಿದರು.

"ಎಬ್ಬಿಸೋದಾ? ಯಾಕೆ?" ಎಂದರು ಮುಖ್ಯಸ್ಥೆ. "ನಾಲ್ಕನೇ ಬಾವಿ ಹತ್ರ ನೆಲ ಕುಸಿದು ಗೋಡೆ ಬಿರುಕು ಬಿಟ್ಟಿತ್ತು, ಅದಕ್ಕೆ ಎಬ್ಬಿಸಿದ್ದು. ಅಲ್ಲಿ ನೀರು ಚೆನ್ನಾಗೇ ಇತ್ತು. ಏಳಕ್ಕೆ ಐದನೇ ಬಾವಿಯಿಂದ ಪೈಪ್ ಎಳೆದ್ರೆ ಆಯ್ತು. ಇನ್ನೂರ ನಲವತ್ತು ಮೀಟರ್. ಒಂದು ವಾರದ ಕೆಲಸ."

"ಟೈಪಿಸ್ಟ್ ಇದನ್ನ ನಿಮ್ಮ ಹತ್ರ ಕೇಳಿದ್ರಾ, ಯಾವತ್ತಾದರೂ?"

"ಇಲ್ಲ. ಅವರ ಕೋಣೆ ನನ್ನ ಕೋಣೆ ಪಕ್ಕದಲ್ಲೇ. ಹನ್ನೆರಡು ವರ್ಷದಿಂದ." ಅವರು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು: ಪರೀಕ್ಷಕಿಗೆ ಕೊಟ್ಟ ನೋಟಿಸನ್ನು ಹಿಂಪಡೆದ ಆದೇಶ. "ಇದನ್ನ ನಾನೇ ಅವರ ಮನೆಗೆ ಹೋಗಿ ಕೊಡ್ತೀನಿ. ಓದಿ ರುಜು ಹಾಕಿದೀನಿ."

ಮಾರ್ಚ್ 30ರಂದು ಕೂಸು ಆಸ್ಪತ್ರೆಯಿಂದ ಮನೆಗೆ ಹೋಯಿತು. ಏಪ್ರಿಲ್ 4ರ ಶುಕ್ರವಾರ ಪರೀಕ್ಷಕಿ ಹನ್ನೊಂದು ಬಾಟಲಿಗಳನ್ನು ಅಳೆದರು. ಮುಖ್ಯಸ್ಥೆ ಮೂವತ್ತಮೂರು ಅಂಕಿಗಳನ್ನು ಓದಿ ರುಜು ಹಾಕಲು ಹತ್ತು ನಿಮಿಷ ತೆಗೆದುಕೊಂಡರು. ಕೊಳಾಯಿ ಕೆಲಸದವರು ಹೊಸ ನಲ್ಲಿಯನ್ನು ಓಣಿಯ ನಡುವೆ ಇಡುವುದೆಂದು ಗುರುತು ಹಾಕಿದ್ದರು. ಸಮವಸ್ತ್ರವಿಲ್ಲದ ಒಬ್ಬ ಮನುಷ್ಯ, ಎಡಗಾಲನ್ನು ತುಸು ಎಳೆಯುತ್ತ ಬಂದು, ಹಳೆಯ ನಲ್ಲಿಯ ಜಾಗದಲ್ಲೇ ಇಡಬೇಕೆಂದು ಅರ್ಧ ಗಂಟೆ ವಾದಿಸಿ ಒಪ್ಪಿಸಿ ಹೋದನೆಂದು ಆಮೇಲೆ ತಿಳಿಯಿತು.

ಏಪ್ರಿಲ್ 7ರಂದು ಇನ್ಸ್‌ಪೆಕ್ಟರ್ ಕೇಸ್ ಡೈರಿಯ ಕೊನೆಯ ಪುಟ ಬರೆದರು. ಆರೋಪಿಯ ಉದ್ದೇಶ ಎಂಬ ಅಂಕಣದಲ್ಲಿ ಎರಡು ಸಾಲು: 'ತಾಯಿಯ ಮನೆ ತಪ್ಪುವುದೆಂಬ ಭಯ. ಭಯಕ್ಕೆ ಆಧಾರವಿರಲಿಲ್ಲ, ಆತ ವಿಚಾರಿಸಿರಲಿಲ್ಲ.' ಷರಾ ಅಂಕಣವನ್ನು ಅವರು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಆ ದಿನ ಪೆನ್ನು ಸ್ವಲ್ಪ ಹೊತ್ತು ನಿಂತು, ಬರೆಯಿತು: 'ಹೊಸ ನಲ್ಲಿ, ಒಂಬತ್ತನೆಯ ಮನೆಯ ಬಾಗಿಲಿನಿಂದ ನಲವತ್ತೆರಡು ಹೆಜ್ಜೆ. ಆರೋಪಿಗೆ ತಿಳಿಸಲಾಗಿದೆ.'